ಕಿರುಬಂಡಿಗೆ ಕಟ್ಟಿದ ಎತ್ತರದ ಹಳಿ

ಗಡಿನಾಡಿನ ಕನ್ನಡ ಸಂಘವೊಂದರ ವಾರ್ಷಿಕ ಸಂಚಿಕೆಯಲ್ಲಿ ಉಗಿಬಂಡಿಯ ಮಾತೇಕೆ ಎಂದು ವಾಚಕರು ಕೇಳಬಹುದು. ಸೊಲ್ಲಾಪುರ ಸೀಮೆಯ ಕನ್ನಡಿಗರಾದ ನಮಗೆ ಆ ಪ್ರಶ್ನೆಗೆ ಉತ್ತರ ದೂರದಲ್ಲಿಲ್ಲ. ಕುರ್ಡುವಾಡಿಯಿಂದ ಪಂಢರಪುರಕ್ಕೆ ಹೋಗುತ್ತಿದ್ದ ಸಣ್ಣ ಬಂಡಿಯನ್ನು ಬಲ್ಲ ಹಿರಿಯರು ನಮ್ಮ ಮನೆಗಳಲ್ಲಿ ಇಂದಿಗೂ ಇದ್ದಾರೆ. ಆಷಾಢ ಕಾರ್ತಿಕಗಳಲ್ಲಿ ವಿಠ್ಠಲನ ದರ್ಶನಕ್ಕೆ ಹೊರಟ ಮಂದಿಯನ್ನು ಆ ಬಂಡಿ ಎರಡೂವರೆ ಅಡಿ ಅಗಲದ ಹಳಿಯ ಮೇಲೆ ಹೊತ್ತು ಸಾಗಿಸುತ್ತಿತ್ತು. ದೊಡ್ಡ ಹಳಿಯ ಗಾಡಿಯಿಂದ ಇಳಿದು ಬಂದವರ ಕಣ್ಣಿಗೆ ಅದು ಆಟಿಕೆಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಅದು ಆಟಿಕೆಯಾಗಿರಲಿಲ್ಲ. ಸಣ್ಣದಾದ ವಸ್ತು ಯಾವಾಗ ಆಟಿಕೆಯಾಗುತ್ತದೆ, ಯಾವಾಗ ನಿಜವಾದ ಕೆಲಸದ ವಸ್ತುವಾಗುತ್ತದೆ ಎಂಬ ಪ್ರಶ್ನೆಯೇ ಈ ಬರಹಕ್ಕೆ ಮೂಲ.

ಬಾರ್ಶಿ ಲೈಟ್ ರೈಲ್ವೆಯ ಕರ್ತೃ ಎವರಾರ್ಡ್ ಕ್ಯಾಲ್ತ್ರಾಪ್ ಎಂಬ ಆಂಗ್ಲ ಇಂಜಿನಿಯರು. ಇವರು 1857ರಲ್ಲಿ ಹುಟ್ಟಿ 1927ರಲ್ಲಿ ತೀರಿಕೊಂಡರು. ಮೊದಲು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಸೇವೆಗೆಂದು ಭಾರತಕ್ಕೆ ಬಂದ ಅವರು, ಕಡಿಮೆ ಖರ್ಚಿನ ಕಿರುಹಳಿಗಳಿಂದಲೇ ಒಳನಾಡಿನ ಪೇಟೆಗಳಿಗೆ ಉಪಕಾರವಾದೀತೆಂದು ಮನಗಂಡರು. ಬಾರ್ಶಿಯ ಹಳಿ 1897ರಲ್ಲಿ ತೆರೆಯಿತು. ಮುಂದೆ ಅದು ಪಂಢರಪುರಕ್ಕೂ, 1911ರಲ್ಲಿ ಲಾತೂರಿಗೂ, 1927ರಲ್ಲಿ ಮಿರಜಿಗೂ ಬೆಳೆದು ಸುಮಾರು 200 ಮೈಲುಗಳಷ್ಟಾಯಿತು. ಕ್ಯಾಲ್ತ್ರಾಪರ ಯುಕ್ತಿ ಸರಳವಾದುದು. ಒಂದೊಂದು ಅಚ್ಚಿನ ಮೇಲೆ ಬೀಳುವ ಭಾರವನ್ನು 5 ಟನ್ನಿಗೆ ಮಿತಿಗೊಳಿಸಿ, ಆ ಮಿತಿಯನ್ನು ಇಂಜಿನಿಗೂ ಡಬ್ಬಿಗೂ ಸಮನಾಗಿ ಅನ್ವಯಿಸಿದರು. ಭಾರವು ಹೀಗೆ ಹಲವು ಗಾಲಿಗಳಿಗೆ ಹಂಚಿಹೋದುದರಿಂದ ಹಗುರವಾದ ಕಂಬಿಯೇ ದೊಡ್ಡ ಹೊರೆಯನ್ನು ತಾಳಿತು. ದೊಡ್ಡ ರೈಲನ್ನು ಕುಗ್ಗಿಸಿ ಸಣ್ಣದು ಮಾಡುವ ಗೋಜಿಗೆ ಅವರು ಹೋಗಲಿಲ್ಲ. ಸಣ್ಣದಕ್ಕೆ ಸಲ್ಲುವ ನಿಯಮವನ್ನು ಸ್ವತಂತ್ರವಾಗಿ ಹುಡುಕಿದರು. ಬಾರ್ಶಿಗೆಂದು ಸಿದ್ಧವಾದ ಬಂಡಿಗಳನ್ನು ಇಂಗ್ಲೆಂಡಿನ ಲೀಡ್ಸ್ ನಗರದ ಬಳಿ, ನ್ಯೂಲೇ ಎಂಬಲ್ಲಿ, ಪ್ರಯೋಗಕ್ಕಾಗಿಯೇ ಹಾಕಿದ ಹಳಿಯ ಮೇಲೆ ಓಡಿಸಿ ಬಲ್ಲವರಿಗೆ ತೋರಿಸಲಾಯಿತು. ವಾದದಿಂದ ಒಪ್ಪದವರನ್ನು ಹಳಿಯ ಮೇಲೆ ಓಡಿಸಿ ಒಪ್ಪಿಸುವ ಈ ಪದ್ಧತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದಕ್ಕಿಂತ ಎಷ್ಟೋ ಕಿರಿದಾದ ಬಂಡಿಗಳ ವಿಷಯದಲ್ಲಿಯೂ ಇದೇ ನಡೆಯಿತು.

ಅದೇ ಕಾಲದ ಇಂಗ್ಲೆಂಡಿನಲ್ಲಿ ಹಳಿಯನ್ನು ಎಷ್ಟರ ಮಟ್ಟಿಗೆ ಕಿರಿದುಗೊಳಿಸಬಹುದು ಎಂಬ ಚಿಂತನೆ ಬಲವಾಗಿತ್ತು. ಡರ್ಬಿಷೈರಿನ ಸರ್ ಆರ್ಥರ್ ಹೇವುಡ್ ಎಂಬ ಶ್ರೀಮಂತರು ತಮ್ಮ ಡಫೀಲ್ಡ್ ಬ್ಯಾಂಕ್ ಎಂಬ ತೋಟದಲ್ಲಿ 1874ರಿಂದ ಮೊದಲ್ಗೊಂಡು 15 ಅಂಗುಲ ಅಗಲದ ಹಳಿಯನ್ನು ಹಾಕಿ, ಜನರನ್ನೂ ಸರಕನ್ನೂ ಸಾಗಿಸಲು ಇದಕ್ಕಿಂತ ಕಿರಿದಾದುದು ಸಲ್ಲದೆಂದು ತೀರ್ಮಾನಿಸಿದರು. ಕೆಲಸದ ರೈಲಿನ ಮಟ್ಟಿಗೆ ಅವರ ಮಾತು ಯುಕ್ತವಾದುದೇ. ಆದರೆ ಮನುಷ್ಯನ ಕುತೂಹಲ 15 ಅಂಗುಲಕ್ಕೆ ನಿಲ್ಲಲಿಲ್ಲ. ಮೂರೂವರೆ ಅಂಗುಲದ, ಎರಡೂವರೆ ಅಂಗುಲದ ಹಳಿಯ ಮೇಲೆಯೂ ಕಲ್ಲಿದ್ದಲು ಉರಿಸಿ, ನೀರು ಕುದಿಸಿ, ನಿಜವಾದ ಉಗಿಯಿಂದ ಮನುಷ್ಯನನ್ನು ಎಳೆಯಬಹುದೇ ಎಂದು ಕೇಳುವವರು ಹುಟ್ಟಿಕೊಂಡರು.

ಈ ಜನರಿಗೆ ಒಂದು ವೇದಿಕೆ 1898ರಲ್ಲಿ ದೊರಕಿತು. ಪರ್ಸಿವಲ್ ಮಾರ್ಷಲ್ ಎಂಬವರು ಲಂಡನಿನಲ್ಲಿ 'ಮಾಡೆಲ್ ಇಂಜಿನಿಯರ್' ಎಂಬ ಪತ್ರಿಕೆಯನ್ನು ಆರಂಭಿಸಿದುದು ಆ ವರ್ಷದಲ್ಲಿ. ಮಾದರಿ ಯಂತ್ರಗಳನ್ನು ಕಟ್ಟುವವರ ಸಂಘವೂ ಅದೇ ವರ್ಷ ಅಲ್ಲಿ ಸ್ಥಾಪಿತವಾಯಿತು. ಅಂಗಡಿಗಳಲ್ಲಿ ಆಗ ಮಾರಾಟವಾಗುತ್ತಿದ್ದ ಪುಟ್ಟ ಉಗಿಯಂತ್ರಗಳು ಬಹುಮಟ್ಟಿಗೆ ಹಿತ್ತಾಳೆಯ ಆಟಿಕೆಗಳು. ಸ್ಪಿರಿಟ್ ದೀಪದ ಮೇಲೆ ನೀರು ಕಾಯಿಸಿಕೊಂಡು, ನೆಲದ ಮೇಲೆ ತೊಟ್ಟಿಕ್ಕುತ್ತ, ಕೋಣೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓಡಿ ನಿಲ್ಲುವಂಥವು. ಕ್ರಮೇಣ ನಾರ್ತಾಂಪ್ಟನ್ನಿನ ಬ್ಯಾಸೆಟ್-ಲೋಕ್ ಎಂಬ ತಯಾರಕರೂ ಹೆನ್ರಿ ಗ್ರೀನ್ಲಿ ಎಂಬ ವಿನ್ಯಾಸಕಾರರೂ ಇವುಗಳಿಗೆ ನಿಜವಾದ ಇಂಜಿನಿನ ರೂಪವನ್ನೂ ಅಳತೆಯನ್ನೂ ಕೊಟ್ಟರು. ಇದು ಅವರ ದೊಡ್ಡ ಸೇವೆ. ಆದರೆ ಸಣ್ಣ ಇಂಜಿನಿನ ಬೆಂಕಿಗೂಡಿನಲ್ಲಿ ಕಲ್ಲಿದ್ದಲು ಸರಿಯಾಗಿ ಉರಿಯಲಾರದು, ಸ್ಪಿರಿಟ್ ದೀಪವೇ ಅದಕ್ಕೆ ತಕ್ಕುದು ಎಂಬುದು ಆ ಕಾಲದ ಬಲವಾದ ಅಭಿಪ್ರಾಯವಾಗಿತ್ತು.

ಇದನ್ನು ಎದುರಿಸಿದವರು 'ಎಲ್‌ಬಿಎಸ್‌ಸಿ' ಎಂಬ ಲೇಖನನಾಮದಿಂದ ಬರೆಯುತ್ತಿದ್ದ, ಕರ್ಲಿ ಲಾರೆನ್ಸ್ ಎಂದು ಪರಿಚಿತರಾದ ಲೇಖಕರು. ಆ ನಾಲ್ಕು ಅಕ್ಷರಗಳು ಲಂಡನ್, ಬ್ರೈಟನ್ ಮತ್ತು ಸೌತ್ ಕೋಸ್ಟ್ ರೈಲ್ವೆಯ ಮೊದಲಕ್ಷರಗಳು. ಎರಡೂವರೆ ಅಂಗುಲದ ಹಳಿಗೆ ಅವರು 'ಆಯೆಷಾ' ಎಂಬ ಇಂಜಿನನ್ನು ಕಟ್ಟಿದರು. ಅದರ ಬಾಯ್ಲರು ದೊಡ್ಡ ಇಂಜಿನಿನ ಬಾಯ್ಲರಿನಂತೆಯೇ ಬೆಂಕಿಗೂಡು, ಬೆಂಕಿನಳಿಗೆಗಳು, ಉಗಿಯನ್ನು ಮತ್ತೆ ಕಾಯಿಸುವ ಏರ್ಪಾಡು ಇವೆಲ್ಲವನ್ನೂ ಒಳಗೊಂಡು ಕಲ್ಲಿದ್ದಲಿನಿಂದ ಉರಿಯುವಂಥದು. ಇದು ಮನುಷ್ಯನನ್ನು ಎಳೆಯುತ್ತದೆ ಎಂದು ಅವರು ಹೇಳಿದಾಗ ಪತ್ರಿಕೆಯಲ್ಲಿ ವಾದ ಎದ್ದಿತು. 'ಬಾಯ್ಲರುಗಳ ಕಾಳಗ' ಎಂದು ಹೆಸರಾದ ಆ ವಾದ ಕಾಗದದ ಮೇಲೆಯೇ ಮುಗಿಯಲಿಲ್ಲ. 1924ರಲ್ಲಿ ಲಂಡನಿನಲ್ಲಿ ಎರಡು ಪಕ್ಷದ ಇಂಜಿನುಗಳೂ ಹಳಿಯ ಮೇಲೆ ಇಳಿದವು. ಕಲ್ಲಿದ್ದಲಿನ ಕಿರುಬಂಡಿ ಮನುಷ್ಯರನ್ನು ಎಳೆದು ತೋರಿಸಿತು. ಅಲ್ಲಿಂದ ಮುಂದೆ ಮನುಷ್ಯರನ್ನು ಎಳೆಯುವ ಕಿರು ಇಂಜಿನಿಗೆ ಕಲ್ಲಿದ್ದಲಿನ ಬಾಯ್ಲರೇ ರೂಢಿಯಾಯಿತು.

ಇನ್ನು ಹಳಿಯ ಮಾತಿಗೆ ಬರೋಣ. ಇಂಜಿನು ಮನುಷ್ಯನನ್ನು ಎಳೆಯಬೇಕಾದರೆ ಮನುಷ್ಯನು ಎಲ್ಲಿ ಕುಳಿತುಕೊಳ್ಳಬೇಕು? ಎರಡೂವರೆ ಅಥವಾ ಮೂರೂವರೆ ಅಂಗುಲದ ಹಳಿ ನೆಲದ ಮೇಲಿದ್ದರೆ ಅವನ ಕಾಲುಗಳಿಗೆ ಎಡೆಯಿಲ್ಲ. ಕಾಲು ಮಡಚಿ ಎತ್ತರದಲ್ಲಿ ಕುಳಿತರೆ ಬಂಡಿ ಮಗುಚುವುದು ಖಂಡಿತ. ಹಳಿಯನ್ನೇ ನೆಲದಿಂದ ಎರಡು ಮೂರು ಅಡಿ ಮೇಲಕ್ಕೆ ಎತ್ತಿದರೆ ಈ ತೊಡಕು ಬಗೆಹರಿಯುತ್ತದೆ. ಆಗ ಚಾಲಕನು ಇಂಜಿನಿನ ಹಿಂದಿನ ತಗ್ಗಾದ ಪೀಠದ ಮೇಲೆ ಕುದುರೆ ಏರಿದವನಂತೆ ಕುಳಿತು, ಎರಡು ಬದಿಗೂ ಕಾಲು ಇಳಿಬಿಟ್ಟು, ಹಳಿಗಿಂತ ಕೆಳಗೆ ತೂಗುವ ಪಾದಪಟ್ಟಿಗಳ ಮೇಲೆ ಪಾದವಿಡಬಲ್ಲನು. ಭಾರದ ಒಂದು ಪಾಲು ಹೀಗೆ ಹಳಿಯ ಮಟ್ಟದಿಂದ ಕೆಳಕ್ಕೆ ಇಳಿಯುವುದರಿಂದ ಬಂಡಿಗೆ ಸ್ಥಿರತೆ ಬರುತ್ತದೆ. ನೀರಿನ ಮಟ್ಟ ತೋರುವ ಗಾಜುನಳಿಗೆಯೂ ಬೆಂಕಿಗೂಡಿನ ಬಾಗಿಲೂ ಕೈಗೆ ಕಣ್ಣಿಗೆ ಸಮೀಪವಾಗುತ್ತವೆ. ಹುಲ್ಲು, ಕೆಸರು, ಕಲ್ಲುಹರಳುಗಳ ಕಾಟವೂ ತಪ್ಪುತ್ತದೆ. ಹಳಿ ಕೋಣೆಯ ನೆಲವನ್ನು ಬಿಟ್ಟು ಬಯಲಿಗೆ ಬಂದು ಕಂಬದ ಮೇಲೆ ಏರಿದಾಗಲೇ ಕಿರುಬಂಡಿ ಆಟಿಕೆಯ ಪಂಕ್ತಿಯನ್ನು ಬಿಟ್ಟೆದ್ದಿತು ಎಂದು ನಾವು ತಿಳಿಯುತ್ತೇವೆ.

ಕಿರಿದಾದುದರ ಲೆಕ್ಕವೇ ಬೇರೆ ಎಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಮೂರೂವರೆ ಅಂಗುಲದ ಹಳಿಯ ಬಂಡಿ ನಿಜವಾದುದರ 16ರಲ್ಲಿ ಒಂದು ಪಾಲು ಉದ್ದವುಳ್ಳದ್ದು. ಉದ್ದ 16ರಲ್ಲಿ ಒಂದಾದಾಗ ಬಾಯ್ಲರಿನ ಮೇಲ್ಮೈ 256ರಲ್ಲಿ ಒಂದಾಗುತ್ತದೆ. ಅದರೊಳಗೆ ಹಿಡಿಯುವ ನೀರು 4096ರಲ್ಲಿ ಒಂದಾಗುತ್ತದೆ. ಅಂದರೆ ನೀರಿನ ಪ್ರಮಾಣಕ್ಕೆ ಹೋಲಿಸಿದರೆ ಮೇಲ್ಮೈ 16 ಪಟ್ಟು ಹೆಚ್ಚು. ಆದಕಾರಣ ಕಿರುಬಂಡಿ ಬೇಗ ಕಾಯುತ್ತದೆ, ಅಷ್ಟೇ ಬೇಗ ತಣಿಯುತ್ತದೆ. ದೊಡ್ಡ ಇಂಜಿನಿನಲ್ಲಿ ಗಂಟೆಗಟ್ಟಲೆ ಹಿಡಿಯುವ ಕೆಲಸ ಇಲ್ಲಿ ಹತ್ತು ಹದಿನೈದು ನಿಮಿಷಗಳ ಮಾತು. ಆದರೆ ಚಾಲಕನು ಕ್ಷಣಕಾಲ ಮೈಮರೆತರೂ ಬೆಂಕಿ ಆರುತ್ತದೆ, ನೀರು ತಗ್ಗುತ್ತದೆ. ತೂಕದ ಲೆಕ್ಕವೂ ಹೀಗೆಯೇ. 100 ಟನ್ನಿನ ಇಂಜಿನನ್ನು ಈ ಪ್ರಮಾಣಕ್ಕೆ ಇಳಿಸಿದರೆ ಅದು ಸುಮಾರು 24 ಕಿಲೋಗ್ರಾಂ ತೂಗೀತು. ಅದರಲ್ಲಿ 16 ಕಿಲೋಗ್ರಾಂ ಎಳೆಯುವ ಗಾಲಿಗಳ ಮೇಲೆ ಬಿದ್ದು, ಗಾಲಿಯ ಹಿಡಿತ ಅದರ ಕಾಲುಭಾಗವೆಂದು ಎಣಿಸಿದರೆ, ಎಳೆಯುವ ಬಲ 4 ಕಿಲೋಗ್ರಾಂ. ಉರುಳುವ ಬಂಡಿಯ ತಡೆ ನೂರಕ್ಕೆ ಒಂದರಷ್ಟಿದ್ದರೆ ಸಮತಟ್ಟಾದ ಹಳಿಯ ಮೇಲೆ ಈ ಬಲ 400 ಕಿಲೋಗ್ರಾಂ ಹೊರೆಯನ್ನು ಸಾಗಿಸಬಲ್ಲದು. ಎಂದರೆ ನಾಲ್ಕೈದು ಜನ ಪ್ರಾಯದವರನ್ನು! ಆದರೆ ನೂರಡಿಗೆ ಒಂದಡಿ ಏರುವ ಹಳಿಯಾದರೆ ಅದೇ ಇಂಜಿನಿನ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಹಳಿ ಮಟ್ಟವಾಗಿರಬೇಕೆಂದು ಹಟ ಹಿಡಿಯುವುದಕ್ಕೆ ಕಾರಣ ಇದು.

ಹೀಗಾಗಿ ಎತ್ತರದ ಹಳಿಯನ್ನು ಕಟ್ಟುವುದು ಮುಕ್ಕಾಲುಪಾಲು ಗಾರೆಕೆಲಸವೂ ಅಳತೆಯ ಕೆಲಸವೂ ಆಗಿದೆ. ಮೊದಲು ಜಾಗವನ್ನು ಅಳೆದು, ಗೂಟ ಹೊಡೆದು, ಹಗ್ಗ ಹಿಡಿದು ಬಳಸಿನ ದಾರಿಯನ್ನು ಗುರುತಿಸಬೇಕು. ಮೂರೂವರೆ ಮತ್ತು 5 ಅಂಗುಲದ ಬಂಡಿಗಳಿಗೆ ತಿರುವಿನ ತ್ರಿಜ್ಯ 40-50 ಅಡಿಯಾದರೂ ಇದ್ದರೆ ಒಳಿತು. ಬಳಿಕ ಐದಾರು ಅಡಿಗೆ ಒಂದರಂತೆ ಗುಂಡಿ ತೋಡಿ, ಗಟ್ಟಿನೆಲ ಸಿಕ್ಕುವವರೆಗೆ ಇಳಿದು, ಕಾಂಕ್ರೀಟಿನ ಕಂಬಗಳನ್ನು ನಿಲ್ಲಿಸಬೇಕು. ನಮ್ಮ ಎರೆನೆಲದವರಿಗೆ ಇದರ ಮರ್ಮ ಹೇಳಬೇಕಾದುದಿಲ್ಲ: ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವ ಮಣ್ಣಿನ ಮೇಲೆ ನಿಂತ ಕಂಬ ನಿಂತಲ್ಲಿ ನಿಲ್ಲದು. ಎಲ್ಲ ಕಂಬಗಳ ತಲೆಯೂ ಒಂದೇ ಮಟ್ಟಕ್ಕೆ ಬರಬೇಕು. ಇದಕ್ಕೆ ದುಬಾರಿ ಉಪಕರಣವೇನೂ ಬೇಡ. ಉದ್ದನೆಯ ನಳಿಗೆಯಲ್ಲಿ ನೀರು ತುಂಬಿ ಎರಡು ತುದಿಯಲ್ಲಿ ನೋಡಿದರೆ ನೀರು ಸುಳ್ಳು ಹೇಳುವುದಿಲ್ಲ. ನಮ್ಮ ಗೌಂಡಿಗಳು ಗೋಡೆಯ ಮಟ್ಟ ಹಿಡಿಯುವ ರೀತಿಯೇ ಇದು. ಕಂಬಗಳ ಮೇಲೆ ಮರದ, ಉಕ್ಕಿನ ಅಥವಾ ಕಾಂಕ್ರೀಟಿನ ತೊಲೆಗಳು, ತೊಲೆಗಳ ಮೇಲೆ ಅಡ್ಡಪಟ್ಟಿಗಳು, ಅವುಗಳ ಮೇಲೆ ಕಂಬಿ.

ಕಂಬಿಯ ವಿಷಯದಲ್ಲಿ ಎರಡು ಮಾತು. ಹಿಂದೆ ಚಪ್ಪಟೆ ಉಕ್ಕಿನ ಪಟ್ಟಿಗಳನ್ನು ಅಂಚಿನ ಮೇಲೆ ನಿಲ್ಲಿಸಿ ಕಂಬಿಯಾಗಿ ಬಳಸುವುದು ಸಾಮಾನ್ಯವಾಗಿತ್ತು. ಅನಂತರ ನಿಜವಾದ ಕಂಬಿಯ ಆಕಾರದಲ್ಲಿ ಎಳೆದ ಉಕ್ಕೂ ಅಲ್ಯೂಮಿನಿಯಮ್ಮೂ ದೊರೆತವು. ಬಯಲಿನ ಹಳಿಗೆ ಬಿಸಿಲೇ ದೊಡ್ಡ ಶತ್ರು. ತಾಪ 30 ಡಿಗ್ರಿ ಏರಿದರೆ 100 ಮೀಟರು ಉಕ್ಕಿನ ಕಂಬಿ 36 ಮಿಲಿಮೀಟರು ಹಿಗ್ಗುತ್ತದೆ. ಅಲ್ಯೂಮಿನಿಯಮ್ ಅದರ ಇಮ್ಮಡಿಗೆ ಸಮೀಪ ಹಿಗ್ಗುತ್ತದೆ. ಜೋಡಣೆಗಳಲ್ಲಿ ತಕ್ಕಷ್ಟು ಎಡೆ ಬಿಡದಿದ್ದರೆ ಮಧ್ಯಾಹ್ನದ ವೇಳೆಗೆ ಹಳಿ ಹಾವಿನಂತೆ ಸೊಟ್ಟಗಾಗುವುದು. ತಿರುವಿನಲ್ಲಿ ಹಳಿಯ ಅಗಲವನ್ನು ಕೂದಲೆಳೆಯಷ್ಟು ಹೆಚ್ಚಿಸುವುದೂ ಉಂಟು. ಇಲ್ಲವಾದರೆ ಉದ್ದನೆಯ ಇಂಜಿನಿನ ಗಾಲಿಗಳು ಬಿಗಿದುಕೊಳ್ಳುತ್ತವೆ. ಮೂರು ಕಂಬಿಗಳನ್ನು ಹಾಕಿ, ಅವುಗಳಲ್ಲಿ ಒಂದನ್ನು ಉಭಯರಿಗೂ ಸಾಮಾನ್ಯವಾಗಿರಿಸಿದರೆ, ಮೂರೂವರೆ ಅಂಗುಲದ ಬಂಡಿಯೂ 5 ಅಂಗುಲದ ಬಂಡಿಯೂ ಒಂದೇ ಹಳಿಯಲ್ಲಿ ಓಡಬಲ್ಲವು. ಒಬ್ಬನ ಬಂಡಿಗೆ ಇನ್ನೊಬ್ಬನ ಹಳಿ ಹೊಂದದೆಂಬ ಜಗಳವನ್ನು ಸಂಘಗಳು ತೀರಿಸಿಕೊಂಡ ಬಗೆ ಇದು.

ಸಂಘವೆಂದೆವು. ಒಬ್ಬನೇ ತನ್ನ ಹಿತ್ತಿಲಿನಲ್ಲಿ ಹಳಿ ಹಾಕಿಕೊಂಡ ನಿದರ್ಶನಗಳಿಲ್ಲದಿಲ್ಲ. ಲಾರೆನ್ಸರ ಮನೆಯ ತೋಟದಲ್ಲಿಯೇ ಅಂಥ ಹಳಿಯೊಂದಿತ್ತು. ಆದರೆ ನೂರಾರು ಅಡಿಗಳ ಬಳಸುಹಳಿಯನ್ನು ಕಟ್ಟಿ ಕಾಪಾಡುವುದು ಒಂದು ಮನೆಯ ಕೆಲಸವಲ್ಲ. ವಾರವೆಲ್ಲ ದುಡಿದವರು ರಜೆಯ ದಿನ ಸೇರಿ ಗುಂಡಿ ತೋಡಿದರು, ಗಾರೆ ಕಲಸಿದರು, ಕಂಬಿ ಬಗ್ಗಿಸಿದರು. ಬಳಸುಹಳಿಯ ಒಳಗೆ ಹೋಗಿಬರಲು ಬಾಗಿಲಿನಂತೆ ಎತ್ತಬಹುದಾದ ಒಂದು ತುಂಡನ್ನು ಇರಿಸಿ, ಅದು ತೆರೆದಿರುವಾಗ ಬಂಡಿ ಮುಂದುವರಿಯದಂತೆ ಕಾವಲು ಏರ್ಪಡಿಸಿದರು. ಇಂಜಿನನ್ನು ಸಿದ್ಧಗೊಳಿಸಲು ಪ್ರತ್ಯೇಕವಾದ ಪಕ್ಕಹಳಿಗಳನ್ನು ಕಟ್ಟಿದರು. ಸದಸ್ಯನು ಅಲ್ಲಿ ನಿಂತು, ಸೀಮೆಎಣ್ಣೆಯಲ್ಲಿ ನೆನೆದ ಇದ್ದಿಲನ್ನು ಹೊತ್ತಿಸಿ, ಹೊಗೆಗೊಳವೆಯ ಮೇಲೆ ಪುಟ್ಟ ಪಂಕವನ್ನಿಟ್ಟು ಗಾಳಿಯನ್ನು ಎಳೆಸುತ್ತಾನೆ. ಉಗಿ ಏಳುವವರೆಗೆ ಇಂಜಿನಿಗೆ ತನ್ನದೇ ಉಸಿರಿಲ್ಲ. ಬೆಂಕಿ ಹಿಡಿದ ಮೇಲೆ ಕಲ್ಲಿದ್ದಲು. ಒತ್ತಡದ ಮುಳ್ಳು ಏರಿ, ಸುರಕ್ಷಾ ಕವಾಟ ಸುಯ್ಯೆಂದಾಗ ಬಂಡಿ ಸಿದ್ಧ.

ಈ ಸಂಘಗಳು ಕಲಿಸಿದ ಇನ್ನೊಂದು ದೊಡ್ಡ ಪಾಠ ಶಿಸ್ತು. ಬಾಯ್ಲರು ಎಷ್ಟು ಕಿರಿದಾದರೂ ಬಾಯ್ಲರೇ. ಬೆಸುಗೆ ಹಾಕಿದ ತಾಮ್ರದ ಆ ಪಾತ್ರೆಯಲ್ಲಿ ಚದರ ಅಂಗುಲಕ್ಕೆ 80 ಪೌಂಡುಗಳಷ್ಟು ಒತ್ತಡವಿರುತ್ತದೆ. ಹೊಸ ಬಾಯ್ಲರಿನಲ್ಲಿ ತಣ್ಣೀರು ತುಂಬಿ, ಕೆಲಸದ ಒತ್ತಡದ ಇಮ್ಮಡಿಗೆ ಏರಿಸಿ, ಎಲ್ಲಿಯೂ ಸೋರದು, ಉಬ್ಬದು ಎಂದು ಬಲ್ಲವರು ಪರೀಕ್ಷಿಸಿದ ಮೇಲೆಯೇ ಹಳಿಯ ಮೇಲೆ ಇಳಿಸುವುದು ಸಂಘಗಳ ಕ್ರಮ. ತಣ್ಣೀರಿನಲ್ಲಿ ಪರೀಕ್ಷೆ ಏಕೆಂದರೆ, ನೀರು ಕುಗ್ಗುವ ವಸ್ತುವಲ್ಲವಾದುದರಿಂದ ಪಾತ್ರೆ ಬಿರಿದರೂ ಸಿಡಿಯುವುದಿಲ್ಲ. ಈ ಎಚ್ಚರ ಅನಾವಶ್ಯಕವೆಂದು ಯಾರೂ ತಿಳಿಯಬಾರದು. ಅಮೆರಿಕದ ಪ್ರಸಿದ್ಧ ಚಿತ್ರನಿರ್ಮಾಪಕ ವಾಲ್ಟ್ ಡಿಸ್ನಿ 1950ರಲ್ಲಿ ತಮ್ಮ ಮನೆಯ ಸುತ್ತ ಏಳುಕಾಲು ಅಂಗುಲದ ಹಳಿಯನ್ನು ಹಾಕಿಸಿ ಉಗಿಬಂಡಿ ಓಡಿಸುತ್ತಿದ್ದರು. ಅಷ್ಟು ಅಗಲದ ಹಳಿಗೆ ನೆಲವೇ ಸಾಕು. ಆದರೆ 1953ರಲ್ಲಿ ಬಂಡಿ ಹಳಿತಪ್ಪಿ, ಹೊರಚಿಮ್ಮಿದ ಉಗಿ ಬಾಲಕಿಯೊಬ್ಬಳಿಗೆ ತಗುಲಲು, ಅವರು ಅದನ್ನು ನಿಲ್ಲಿಸಿಬಿಟ್ಟರು. 1955ರಲ್ಲಿ ತೆರೆದ ಅವರ ಡಿಸ್ನಿಲ್ಯಾಂಡಿನ ಸುತ್ತ ಉಗಿಬಂಡಿ ಓಡುವಂತಾದುದು ಈ ಪ್ರೀತಿಯ ಫಲವೇ.

ಲಾರೆನ್ಸರು ಇಂಜಿನು ಕಟ್ಟಿದುದಕ್ಕಿಂತ ದೊಡ್ಡ ಕೆಲಸವೆಂದರೆ ಬರೆದುದು. 1924ರಿಂದ ಮೊದಲ್ಗೊಂಡು ದಶಕಗಳ ಕಾಲ ಅವರು ಪತ್ರಿಕೆಯಲ್ಲಿ ಒಂದೊಂದು ಇಂಜಿನನ್ನೂ ಕಂತುಕಂತಾಗಿ ಕಟ್ಟಿ ತೋರಿಸಿದರು. ಯಾವ ತುಂಡನ್ನು ಮೊದಲು ಕೊಯ್ಯಬೇಕು, ಯಾವ ರಂಧ್ರವನ್ನು ಹೇಗೆ ಕೊರೆಯಬೇಕು, ತಪ್ಪಿದರೆ ಹೇಗೆ ತಿದ್ದಬೇಕು ಎಂಬುದನ್ನು, ನೆರೆಮನೆಯವನಿಗೆ ಬೇಲಿಯ ಮೇಲಿಂದ ಹೇಳುವ ಧಾಟಿಯಲ್ಲಿ, ಆಡುಮಾತಿನಲ್ಲಿಯೇ ಬರೆದರು. ಪಂಡಿತರಿಗೆ ಆ ಶೈಲಿ ಹಿಡಿಸದಿರಬಹುದು; ಆದರೆ ವಿದ್ಯಾಲಯದ ಮೆಟ್ಟಿಲು ಹತ್ತದ ಕೈಕೆಲಸದವರೂ ಗುಮಾಸ್ತರೂ ಅದನ್ನೋದಿ ಓಡುವ ಇಂಜಿನನ್ನು ಕಟ್ಟಿದರು. ಅವರು ಸೂಚಿಸಿದ 'ಟಿಚ್' ಎಂಬ ಪುಟ್ಟ ಇಂಜಿನನ್ನು ಹೊಸಬರು ಇಂದಿಗೂ ಕಟ್ಟುವರು. ವಿದ್ಯೆ ಜನರ ಮಾತಿನಲ್ಲಿ ದೊರೆತರೆ ಜನರ ಕೈಗೆ ಇಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಲಾರೆನ್ಸರು 1967ರಲ್ಲಿ ತೀರಿಕೊಂಡರು. ಮರುವರ್ಷ, 1968ರ ಆಗಸ್ಟಿನಲ್ಲಿ, ಬ್ರಿಟಿಷ್ ರೈಲ್ವೆಯ ಮುಖ್ಯಮಾರ್ಗಗಳಲ್ಲಿ ಉಗಿಬಂಡಿಯ ಯುಗ ಮುಗಿಯಿತು. ನಮ್ಮ ದೇಶದ ದೊಡ್ಡ ಹಳಿಗಳಲ್ಲಿ ಅದು 1995ರಲ್ಲಿ ಮುಗಿಯಿತು. 1954ರಲ್ಲಿ ಸರಕಾರದ ವಶಕ್ಕೆ ಬಂದ ಬಾರ್ಶಿಯ ಕಿರುಹಳಿಯೂ ಈ ಶತಮಾನದ ಮೊದಲ ವರ್ಷಗಳಲ್ಲಿ ಹಂತಹಂತವಾಗಿ ಅಗಲಹಳಿಯಾಗಿ ಮಾರ್ಪಟ್ಟಿತು. ಪ್ರಯಾಣಿಕರಿಗೆ ಅದರಿಂದ ಅನುಕೂಲವೇ ಆಯಿತು. ಅದಕ್ಕಾಗಿ ನಾವು ದುಃಖಿಸಬೇಕಾದುದಿಲ್ಲ. ಆದರೆ ಬೆಂಕಿಯ ಬಣ್ಣ ನೋಡಿ ಕಲ್ಲಿದ್ದಲು ಹಾಕುವ, ಉಗಿಯ ಸದ್ದು ಕೇಳಿ ಏರು ಇಳಿವುಗಳನ್ನು ಅರಿಯುವ ವಿದ್ಯೆಯೊಂದು ದೊಡ್ಡ ಹಳಿಗಳಿಂದ ಮರೆಯಾಯಿತು. ಅದು ಎಲ್ಲಿ ಉಳಿಯಿತು? ಹಳೆಯ ಮಾರ್ಗಗಳನ್ನು ಕಾಪಾಡಿಕೊಂಡ ಕೆಲವು ಕಡೆ ಉಳಿಯಿತು. ಅಲ್ಲದೆ, ಕಂಬಗಳ ಮೇಲೆ ಎತ್ತಿ ಕಟ್ಟಿದ ಈ ಮೂರೂವರೆ ಅಂಗುಲದ ಹಳಿಗಳಲ್ಲಿ, ರಜೆಯ ದಿನ ಸೇರುವ ಸಂಘಗಳಲ್ಲಿ ಉಳಿಯಿತು. ಹನ್ನೆರಡು ವರ್ಷದ ಹುಡುಗನು ಅಲ್ಲಿ ಹಿರಿಯರ ಮುಂದೆ ಕುಳಿತು ಇಂದಿಗೂ ಬೆಂಕಿ ಕಾಯಲು ಕಲಿಯುತ್ತಾನೆ.

ಗಡಿಯಾಚೆ ನೆಲಸಿದ ನಾವು ಸಂಖ್ಯೆಯಲ್ಲಿ ಸಣ್ಣವರು. ನಮ್ಮ ಕನ್ನಡ ಶಾಲೆ ಸಣ್ಣದು, ಸಂಘ ಸಣ್ಣದು, ಈ ಸಂಚಿಕೆಯೂ ಸಣ್ಣದು. ದೊಡ್ಡ ನಾಡಿನ ಪ್ರತಿರೂಪವನ್ನು ಕುಗ್ಗಿಸಿ ಇಲ್ಲಿ ನಿಲ್ಲಿಸಿದರೆ ಅದು ಗಾಜಿನ ಕಪಾಟಿನ ಬೊಂಬೆಯಾದೀತು. ಅದರೊಳಗೆ ನಿಜವಾದ ಬೆಂಕಿ ಉರಿಯಬೇಕು, ಅದು ನಾಲ್ಕು ಜನರನ್ನು ಎಳೆಯಬೇಕು. ಅದಕ್ಕೆ ಮೊದಲು ಕಂಬ ನೆಟ್ಟು, ಮಟ್ಟ ಹಿಡಿದು, ಹಳಿ ಕಟ್ಟಬೇಕು. ಬಿಸಿಲಿಗೆ ಹಿಗ್ಗಲು ಎಡೆ ಬಿಡಬೇಕು. ಅಗಲ ಬೇರೆಯಾದ ಬಂಡಿಗಳಿಗೂ ಒಂದು ಕಂಬಿಯನ್ನು ಸಾಮಾನ್ಯವಾಗಿ ಇರಿಸಬೇಕು. ಇದು ಒಬ್ಬರಿಂದ ಆಗುವ ಕೆಲಸವಲ್ಲ. ರಜೆಯ ದಿನ ಸೇರುವ ಹತ್ತು ಜನರಿಂದ ಆಗುವ ಕೆಲಸ. ಇಂಥದೊಂದು ಹಳಿಯನ್ನು ನಮ್ಮ ಶಾಲೆಯ ಬಯಲಿನಲ್ಲಿ ನಮ್ಮ ಮಕ್ಕಳೇ ಒಂದು ದಿನ ಕಟ್ಟಿ, ಕನ್ನಡದಲ್ಲಿಯೇ ಅದರ ಲೆಕ್ಕ ಬರೆದು, ಹಿರಿಯರನ್ನು ಕೂರಿಸಿಕೊಂಡು ಒಂದು ಸುತ್ತು ತಿರುಗಿಸಲಿ ಎಂದು ಹಾರೈಸಿ ಈ ಬರಹವನ್ನು ಮುಗಿಸುತ್ತೇವೆ.